ಚೀನಾದಲ್ಲಿ ಬಸುರಿಯ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಂಘೈ, ಸುಜೌ, ಯಿವು, ಗುವಾಂಗ್‌ಝೌ, ಶೆನ್‌ಝೆನ್ ಕಡೆ ಇರುವ ನಮ್ಮ ಹೆಣ್ಣುಮಕ್ಕಳು ಬಸುರಿಯಾದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನಿರುವುದು ಶಾಂಘೈನಲ್ಲಿ, ಹಾಗಾಗಿ ಉದಾಹರಣೆಗಳೂ ಜಾಸ್ತಿ ಇಲ್ಲಿಯವೇ. ಔಷಧಿ, ಡೋಸು ಇವೆಲ್ಲ ಡಾಕ್ಟರ ಹತ್ತಿರವೇ ಕೇಳಬೇಕಾದದ್ದು. ಇಲ್ಲಿರುವುದು ಓಡಾಟ, ಊಟ, ಕಾಗದಪತ್ರ ಮತ್ತು ಜನರ ವಿಷಯ.

ಮನೆಯಲ್ಲಿ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ಮೊದಲು ಎಲ್ಲಿಗೆ ಹೋಗಬೇಕು?

ಇಲ್ಲಿ ಮನೆ ಹತ್ತಿರದ ಕ್ಲಿನಿಕ್ಕು, ಪರಿಚಯದ ಲೇಡಿ ಡಾಕ್ಟರು ಅನ್ನುವುದು ಇಲ್ಲ. ಎಲ್ಲಕ್ಕೂ ಆಸ್ಪತ್ರೆಯೇ. ಪಾಸ್‌ಪೋರ್ಟ್ ಹಿಡಿದು ಹೋಗಿ, ಮೊದಲು 'ಗ್ವಾ ಹಾವ್' ಮಾಡಿಸಬೇಕು. ಅಂದರೆ ಯಾವ ವಿಭಾಗ, ಯಾವ ಡಾಕ್ಟರು ಅಂತ ಹೇಳಿ ಚೀಟಿ ತೆಗೆಸುವುದು. ಹೊಸದಾಗಿ ಬಸುರಿಯಾದವರನ್ನು ಹೆಚ್ಚಾಗಿ ಸ್ತ್ರೀರೋಗದ 'ಫು ಕ' ವಿಭಾಗಕ್ಕೆ ಕಳಿಸುತ್ತಾರೆ, ಆಮೇಲೆ ಹೆರಿಗೆಯ 'ಚಾನ್ ಕ'ಗೆ. ಗೋಡೆ ಬದಿಯ ಯಂತ್ರಗಳು ಹಲವು ಕಡೆ ಚೀನಾದ ಗುರುತಿನ ಚೀಟಿಯನ್ನಷ್ಟೇ ಓದುತ್ತವೆ. ಅದರ ಮುಂದೆ ಒದ್ದಾಡುವ ಬದಲು ಸೀದಾ ಮನುಷ್ಯರು ಕೂತಿರುವ ಕಿಟಕಿಗೆ ಹೋಗಿ.

ಒಂದು ವಿಷಯ ಮೊದಲೇ ತಿಳಿದಿರಲಿ. ರಿಪೋರ್ಟ್ ನೋಡಿದ ತಕ್ಷಣ ಡಾಕ್ಟರು 'ಯಾವ್ ಬು ಯಾವ್?' ಅಂತ ಕೇಳಬಹುದು. ಬೇಕೋ ಬೇಡವೋ ಅಂತ. ಮದುವೆಯಾಗಿ ವರ್ಷಗಟ್ಟಲೆ ಮಗುವಿಗಾಗಿ ಕಾದವರಿಗೆ ಈ ಮಾತು ಎದೆಗೆ ಚುಚ್ಚುತ್ತದೆ. ಆದರೆ ಅದು ಎಲ್ಲರಿಗೂ ಕೇಳುವ ಮಾಮೂಲಿ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ. 'ಯಾವ್' ಅಂದುಬಿಡಿ, ಮುಂದಿನ ಕೆಲಸ ಶುರುವಾಗುತ್ತದೆ.

ಫೋಲಿಕ್ ಆಸಿಡ್‌ಗೆ ಇಲ್ಲಿ 'ಯೆ ಸ್ವಾನ್' ಅನ್ನುತ್ತಾರೆ. ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಊರಿಂದ ತಂದ ಮಾತ್ರೆ ಇದ್ದರೆ ಅದರ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಮೊದಲ ವಾರಗಳಲ್ಲಿ 'ಗರ್ಭ ನಿಲ್ಲಲಿ' ಅಂತ ಪ್ರೊಜೆಸ್ಟೆರಾನ್ ಬರೆದುಕೊಡುವುದು, ಹಾಸಿಗೆ ಬಿಟ್ಟು ಏಳಬೇಡಿ ಅನ್ನುವುದು ಇಲ್ಲಿ ಸಾಕಷ್ಟು ನಡೆಯುತ್ತದೆ. ಯಾಕೆ ಕೊಡುತ್ತಿದ್ದೀರಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಸರ್ಕಾರಿ ಆಸ್ಪತ್ರೆಯೋ, ಖಾಸಗಿಯೋ?

ಇದಕ್ಕೆ ಎಲ್ಲರಿಗೂ ಸರಿಹೊಂದುವ ಉತ್ತರ ಇಲ್ಲ, ಆದರೆ ದಾರಿ ಮೂರಿವೆ.

ಮೊದಲನೆಯದು ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಿಭಾಗ. ಊರಿನ ಸರ್ಕಾರಿ ಆಸ್ಪತ್ರೆ ನೆನಪಿಸಿಕೊಂಡು ಮೂಗು ಮುರಿಯಬೇಡಿ. ಇಲ್ಲಿ 'ಸಾನ್ ಜ್ಯಾ' ದರ್ಜೆ ಅಂದರೆ ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಒಳ್ಳೆಯ ಡಾಕ್ಟರು, ದೊಡ್ಡ ಯಂತ್ರ, ನವಜಾತ ಶಿಶುಗಳ ಐಸಿಯು ಎಲ್ಲ ಅಲ್ಲೇ ಇರುವುದು. ಶಾಂಘೈಯಲ್ಲಿ ಜನ 'ಕೆಂಪು ಮನೆ' ಅಂತ ಕರೆಯುವ ಫುಡಾನ್ ವಿಶ್ವವಿದ್ಯಾಲಯದ ಹೆರಿಗೆ ಆಸ್ಪತ್ರೆ, ಚೀನಾದ ನಾಯಕಿ ಸೂಂಗ್ ಚಿಂಗ್‌ಲಿಂಗ್ ಅವರು ತಮಗೆ ಬಂದ ಸ್ಟಾಲಿನ್ ಶಾಂತಿ ಪ್ರಶಸ್ತಿಯ ಹಣ ಕೊಟ್ಟು 1952ರಲ್ಲಿ ಶುರುಮಾಡಿದ ಇಂಟರ್‌ನ್ಯಾಷನಲ್ ಪೀಸ್ ಮೆಟರ್ನಿಟಿ ಆಸ್ಪತ್ರೆ, ಮತ್ತೆ ಫಸ್ಟ್ ಮೆಟರ್ನಿಟಿ, ಈ ಮೂರೂ ಪ್ರಸಿದ್ಧ. ಖರ್ಚು ಕಡಿಮೆ, ಸಹಜ ಹೆರಿಗೆ ಕೆಲವು ಸಾವಿರ ಯುವಾನ್‌ನಲ್ಲಿ ಮುಗಿಯಬಹುದು. ಕಷ್ಟ ಇರುವುದು ಜನಜಂಗುಳಿಯಲ್ಲಿ. ಡಾಕ್ಟರು ನಿಮಗೆ ಕೊಡುವುದು ಮೂರ್ನಾಲ್ಕು ನಿಮಿಷ. ನೀವು ಕೂತು ಮಾತಾಡುವಾಗ ಬೆನ್ನ ಹಿಂದೆ ಮುಂದಿನ ಇಬ್ಬರು ನಿಂತಿರುತ್ತಾರೆ, ಒಬ್ಬರು ನಿಮ್ಮ ರಿಪೋರ್ಟನ್ನೂ ಇಣುಕಿ ನೋಡುತ್ತಾರೆ. ಮುಚ್ಚಳವಿಲ್ಲದ ಪುಟ್ಟ ಕಪ್ಪಿನಲ್ಲಿ ಮೂತ್ರ ಹಿಡಿದುಕೊಂಡು ಕಾರಿಡಾರ್ ಉದ್ದಕ್ಕೂ ನಡೆಯಬೇಕು. ಒಂದೆರಡು ಸಲ ಆದಮೇಲೆ ನಾಚಿಕೆ ತಾನಾಗಿ ಹೋಗುತ್ತದೆ.

ಎರಡನೆಯದು ಅದೇ ಸರ್ಕಾರಿ ಆಸ್ಪತ್ರೆಯ 'ತ ಶ್ಯೂ' (ವಿಶೇಷ ಸೇವೆ) ಅಥವಾ ಇಂಟರ್‌ನ್ಯಾಷನಲ್ ವಿಭಾಗ. ಡಾಕ್ಟರು ಅವರೇ, ಕಟ್ಟಡವೂ ಹೆಚ್ಚಾಗಿ ಅದೇ. ಕ್ಯೂ ಚಿಕ್ಕದು, ಇಂಗ್ಲಿಷ್ ಸ್ವಲ್ಪ ನಡೆಯುತ್ತದೆ, ಬೇರೆ ರೂಮು ಸಿಗುತ್ತದೆ. ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ.

ಮೂರನೆಯದು ಖಾಸಗಿ. 1997ರಲ್ಲಿ ಬೀಜಿಂಗ್‌ನಲ್ಲಿ ಶುರುವಾದ ಯುನೈಟೆಡ್ ಫ್ಯಾಮಿಲಿ ಇದರಲ್ಲಿ ಹಳೆಯದು, ಈಗ ಶಾಂಘೈ, ಗುವಾಂಗ್‌ಝೌ ಮುಂತಾದ ಕಡೆಯೂ ಇದೆ. ಇಂಗ್ಲಿಷ್ ಮಾತಾಡುತ್ತಾರೆ, ಕೂರಿಸಿ ಸಮಾಧಾನವಾಗಿ ಕೇಳುತ್ತಾರೆ. ಬಿಲ್ಲು ಲಕ್ಷ ಯುವಾನ್ ಹತ್ತಿರ ಅಥವಾ ಅದಕ್ಕಿಂತ ಮೇಲೆ ಹೋದರೂ ಆಶ್ಚರ್ಯ ಇಲ್ಲ. ಕಂಪನಿ ಇನ್ಶೂರೆನ್ಸ್ ಇದೆ ಅಂತ ನಂಬಿಕೊಂಡು ಹೋಗಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆಗೆ 10ರಿಂದ 12 ತಿಂಗಳ ಕಾಯುವ ಅವಧಿ ಇರುತ್ತದೆ.

ನನ್ನನ್ನು ಕೇಳಿದರೆ, ಆರೋಗ್ಯ ಚೆನ್ನಾಗಿದ್ದು ಚೀನೀ ಭಾಷೆ ಬರದವರಿಗೆ ಎರಡನೆಯ ದಾರಿಯೇ ಒಳ್ಳೆಯದು. ಬಿಪಿ, ಶುಗರ್, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್, ಇಂಥದ್ದೇನಾದರೂ ಇದ್ದರೆ ದೊಡ್ಡ ಸರ್ಕಾರಿ ಆಸ್ಪತ್ರೆ ಬಿಟ್ಟು ಬೇರೆ ಕಡೆ ಹೋಗಬೇಡಿ. ಖಾಸಗಿಯವರೂ ಕಷ್ಟದ ಕೇಸನ್ನು ಕೊನೆಗೆ ಅಲ್ಲಿಗೇ ಕಳಿಸುವುದು.

'ಚಿಕ್ಕ ಕಾರ್ಡು', 'ದೊಡ್ಡ ಕಾರ್ಡು' ಅಂದರೇನು? ಯಾವಾಗ ಮಾಡಿಸಬೇಕು?

ಇದು ಶಾಂಘೈ ಪದ್ಧತಿ. ಚಿಕ್ಕ ಕಾರ್ಡು ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ನಮ್ಮೂರಿನ ತಾಯಿ ಕಾರ್ಡಿನ ಥರದ ಪುಸ್ತಕ ಕೊಡುತ್ತಾರೆ. ಪಾಸ್‌ಪೋರ್ಟ್, ಪೊಲೀಸ್ ಠಾಣೆಯಲ್ಲಿ ಮಾಡಿಸಿದ ವಾಸದ ನೋಂದಣಿ ಚೀಟಿ, ಬಸುರಿ ಅನ್ನುವ ರಿಪೋರ್ಟು ಒಯ್ಯಿರಿ. ದೊಡ್ಡ ಕಾರ್ಡು ಹೆರಿಗೆ ಆಗುವ ಆಸ್ಪತ್ರೆಯಲ್ಲಿ. ಬೇರೆ ಊರುಗಳಲ್ಲಿ ಇದಕ್ಕೇ 'ಜ್ಯೆನ್ ದಾಂಗ್', ಅಂದರೆ ಫೈಲು ತೆರೆಯುವುದು ಅನ್ನುತ್ತಾರೆ.

12ನೇ ವಾರದ ಹೊತ್ತಿಗೆ ಇದೆಲ್ಲ ಆಗಿರಬೇಕು. ಹೆಸರಾಂತ ಆಸ್ಪತ್ರೆಗಳಲ್ಲಿ ಜಾಗ ತುಂಬಿದರೆ ಮುಗಿಯಿತು, ಯಾರ ಶಿಫಾರಸೂ ನಡೆಯುವುದಿಲ್ಲ. ಒಳ್ಳೆಯ ವರ್ಷ ಅಂತ ಇಲ್ಲಿಯವರು ನಂಬುವ ವರ್ಷಗಳಲ್ಲಂತೂ ಇನ್ನೂ ಕಷ್ಟ. 2024 ಡ್ರ್ಯಾಗನ್ ವರ್ಷವಾಗಿತ್ತು, ಆ ವರ್ಷ ದೇಶದಲ್ಲಿ 95 ಲಕ್ಷದಷ್ಟು ಮಕ್ಕಳು ಹುಟ್ಟಿದರು. ಅದರ ಹಿಂದಿನ ವರ್ಷ 90 ಲಕ್ಷ. ನಮ್ಮಲ್ಲಿ ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸುವವರಿಲ್ಲವೇ, ಹಾಗೇ.

ಪುಸ್ತಕದ ಮೇಲೆ ಒಂದು ಬಣ್ಣ ಬೀಳುತ್ತದೆ. ಹಸಿರು, ಹಳದಿ, ಕಿತ್ತಳೆ, ಕೆಂಪು, ನೇರಳೆ ಅಂತ ಐದು ಬಣ್ಣ. ಹಸಿರು ಅಂದರೆ ತೊಂದರೆ ಇಲ್ಲ, ಕೆಂಪು ಅಂದರೆ ಹೆಚ್ಚು ಅಪಾಯ, ನೇರಳೆ ಸೋಂಕು ರೋಗಗಳಿಗೆ. 35 ದಾಟಿದ್ದರೆ ಸಾಕು, ಹಳದಿ ಬರುತ್ತದೆ. ಹಳದಿ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ರಿಪೋರ್ಟಿನ ಅಂಕಿಗಳು ಊರಿನ ಡಾಕ್ಟರಿಗೆ ಅರ್ಥ ಆಗುತ್ತಿಲ್ಲ. ಯಾಕೆ?

ಅಳತೆ ಬೇರೆ, ಅಷ್ಟೇ. ನಮ್ಮಲ್ಲಿ ಹಿಮೋಗ್ಲೋಬಿನ್ 11 ಅನ್ನುತ್ತೇವೆ, ಇಲ್ಲಿ ಅದನ್ನೇ 110 ಅಂತ ಬರೆಯುತ್ತಾರೆ. ಒಂದು ಸೊನ್ನೆ ತೆಗೆದು ಓದಿ. ಸಕ್ಕರೆಯ ಅಂಕಿ 5.1 ಅಂತ ಇದ್ದರೆ 18ರಿಂದ ಗುಣಿಸಿ, ನಮ್ಮ ಲೆಕ್ಕದಲ್ಲಿ 92 ಆಗುತ್ತದೆ. ವಾಟ್ಸಾಪ್‌ನಲ್ಲಿ ಅಮ್ಮನಿಗೆ ಫೋಟೋ ಕಳಿಸುವ ಮುಂಚೆ ಇದನ್ನು ಹೇಳಿಬಿಡಿ, ಇಲ್ಲದಿದ್ದರೆ ಅಲ್ಲಿ ಗಾಬರಿ.

ಸಕ್ಕರೆ ಪರೀಕ್ಷೆ 24ರಿಂದ 28ನೇ ವಾರದ ನಡುವೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, ಒಂದು ಗಂಟೆ ಮತ್ತು ಎರಡು ಗಂಟೆಗೆ ಮತ್ತೆ ಕೊಡಬೇಕು. 5.1, 10.0, 8.5, ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಬಸುರಿಯ ಶುಗರ್ ಅಂತ ಬರೆಯುತ್ತಾರೆ. ನಮ್ಮ ಜನಕ್ಕೆ ಇದು ಬರುವುದು ಜಾಸ್ತಿ, ಆದ್ದರಿಂದ ತಪ್ಪಿಸಬೇಡಿ. 'ಕೊಂಗ್ ಫು' ಅಂತ ಚೀಟಿಯಲ್ಲಿದ್ದರೆ ಖಾಲಿ ಹೊಟ್ಟೆ ಅಂತ ಅರ್ಥ. ಒಂದು ಬಾಳೆಹಣ್ಣು, ಚಪಾತಿ ಸುರುಳಿ ಚೀಲದಲ್ಲಿರಲಿ, ಮೂರನೇ ಸೂಜಿ ಆದ ತಕ್ಷಣ ತಿನ್ನಲಿಕ್ಕೆ.

ಉಳಿದ ಮುಖ್ಯ ತಾರೀಖುಗಳು: ಮಗುವಿನ ಕತ್ತಿನ ಹಿಂದಿನ ಅಳತೆಯ ಸ್ಕ್ಯಾನ್ 11ರಿಂದ 14ನೇ ವಾರದೊಳಗೆ, ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ 20ರಿಂದ 24ನೇ ವಾರದಲ್ಲಿ. ದೊಡ್ಡ ಸ್ಕ್ಯಾನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಾರಗಳ ಮುಂಚೆ ಬುಕ್ ಮಾಡಬೇಕು. ಗುವಾಂಗ್‌ಡಾಂಗ್ ಕಡೆ ಇರುವವರಿಗೆ ಥಲಸ್ಸೇಮಿಯಾ (ವಂಶದಿಂದ ಬರುವ ರಕ್ತದ ತೊಂದರೆ) ಪರೀಕ್ಷೆಯೂ ಮಾಮೂಲಿ, ಅದು ನಮಗೂ ಒಳ್ಳೆಯದೇ.

ಸ್ಕ್ಯಾನಿನಲ್ಲಿ ಮಗು 'ಆರು ಜಿನ್' ಇದೆ ಅಂದರೆ ಮೂರು ಕೆಜಿ. ಒಂದು ಜಿನ್ ಅರ್ಧ ಕೆಜಿ.

ಗಂಡೋ ಹೆಣ್ಣೋ ಹೇಳುತ್ತಾರಾ?

ಇಲ್ಲ. ನಮ್ಮ ದೇಶದಂತೆ ಇಲ್ಲೂ ಕಾನೂನು ಬಿಡುವುದಿಲ್ಲ. ಆದರೆ ತರಕಾರಿ ಮಾರುವ ಅಜ್ಜಿಯಿಂದ ಹಿಡಿದು ಲಿಫ್ಟಿನಲ್ಲಿ ಸಿಗುವ ಅಂಕಲ್‌ವರೆಗೆ ಎಲ್ಲರೂ ನಿಮ್ಮ ಹೊಟ್ಟೆಯ ಆಕಾರ ನೋಡಿ ಬಿಟ್ಟಿಯಾಗಿ ಹೇಳುತ್ತಾರೆ. ಹುಳಿ ಬೇಕು ಅನಿಸಿದರೆ ಗಂಡು, ಖಾರ ಬೇಕು ಅನಿಸಿದರೆ ಹೆಣ್ಣು ಅಂತ ಅವರಲ್ಲೊಂದು ಗಾದೆ ಇದೆ. ಬಿಸಿಬೇಳೆಬಾತ್ ಬೇಕು ಅನಿಸಿದರೆ ಏನು ಅಂತ ಗಾದೆಯಲ್ಲಿಲ್ಲ.

ನನ್ನ ರಕ್ತ ಓ ನೆಗೆಟಿವ್. ಏನಾದರೂ ಬೇರೆ ಎಚ್ಚರಿಕೆ ಬೇಕಾ?

ಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ನೆಗೆಟಿವ್ ಗುಂಪಿನವರು ಇದನ್ನು ಓದಿ.

ಭಾರತದಲ್ಲಿ ನೂರಕ್ಕೆ ಐದು ಮಂದಿಯಷ್ಟು ಆರ್‌ಎಚ್ ನೆಗೆಟಿವ್ ಇದ್ದಾರೆ. ಚೀನಾದ ಬಹುಸಂಖ್ಯಾತರಾದ ಹಾನ್ ಜನರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅದಕ್ಕೇ ಇಲ್ಲಿ ಅದನ್ನು 'ಪಾಂಡಾ ರಕ್ತ' ಅನ್ನುತ್ತಾರೆ. ಇದರಿಂದ ಎರಡು ತೊಂದರೆ. ಹೆರಿಗೆಯಲ್ಲಿ ರಕ್ತ ಬೇಕಾದರೆ ಆಸ್ಪತ್ರೆಯಲ್ಲಿ ಕೂಡಲೇ ಸಿಗುವುದು ಕಷ್ಟ. ಮತ್ತೆ, ಗಂಡನದು ಪಾಸಿಟಿವ್ ಇದ್ದಾಗ ಊರಲ್ಲಿ ತಪ್ಪದೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಇಲ್ಲಿನ ಸಾಮಾನ್ಯ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಎಷ್ಟೋ ಜನ ಅದಕ್ಕಾಗಿ ಹಾಂಗ್‌ಕಾಂಗ್‌ಗೆ ಹೋಗಿಬರುತ್ತಾರೆ. 28ನೇ ವಾರದ ಹೊತ್ತಿಗೆ ಒಮ್ಮೆ, ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಬೇಕಾಗುವ ಇಂಜೆಕ್ಷನ್ ಅದು. ಹಾಗಾಗಿ ಎಲ್ಲಿಂದ, ಹೇಗೆ, ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲ ಚೆಕಪ್‌ನಲ್ಲೇ ಕೇಳಿ, ಬರೆಸಿಕೊಳ್ಳಿ. ಮಧ್ಯೆ ರಕ್ತ ಕಂಡರೂ ತಕ್ಷಣ ಡಾಕ್ಟರಿಗೆ ಹೇಳಿ. ದಾರಿಯೇ ಕಾಣದಿದ್ದರೆ ಹೆರಿಗೆಗೆ ಊರಿಗೆ ಹೋಗುವುದೇ ವಾಸಿ.

ನಾನು ಸಸ್ಯಾಹಾರಿ. ಒಂಬತ್ತು ತಿಂಗಳು ಏನು ತಿನ್ನಲಿ?

'ವೊ ಛ್ ಸು' ಅಂದರೆ ನಾನು ಸಸ್ಯಾಹಾರಿ. ಇದನ್ನು ಹೇಳಿದರೂ ಹುರುಳಿಕಾಯಿ ಪಲ್ಯದಲ್ಲಿ ಹಂದಿ ಮಾಂಸದ ಪುಡಿ ಬರಬಹುದು. ಅಷ್ಟು ಚೂರು ಹಾಕಿದರೆ ಅವರ ಲೆಕ್ಕದಲ್ಲಿ ಅದು ಮಾಂಸದ ಅಡುಗೆಯಲ್ಲ, ರುಚಿಗೆ ಹಾಕಿದ್ದು. ಸೂಪಿನ ನೀರು ಮೂಳೆಯದ್ದು, ಎಣ್ಣೆ ಕೆಲವೊಮ್ಮೆ ಹಂದಿಯ ಕೊಬ್ಬು. ಆದ್ದರಿಂದ ಬೌದ್ಧ ದೇವಸ್ಥಾನಗಳ ಹತ್ತಿರದ ಶುದ್ಧ ಸಸ್ಯಾಹಾರಿ ಹೋಟೆಲುಗಳನ್ನು ಹುಡುಕಿಟ್ಟುಕೊಳ್ಳಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬೇರೆ ಕಡೆ ಹೋದರೆ ಆಲೂಗಡ್ಡೆ, ಬದನೆ, ದೊಣ್ಣೆಮೆಣಸು ಸೇರಿಸಿ ಮಾಡುವ 'ದಿ ಸಾನ್ ಶ್ಯೆನ್' ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಮೊಟ್ಟೆ ತಿನ್ನುವವರಿಗೆ ಟೊಮೆಟೊ ಹಾಕಿ ಹುರಿದ ಮೊಟ್ಟೆ ಎಲ್ಲ ಕಡೆ ಸಿಗುತ್ತದೆ.

ಆದರೆ ನಿಜ ಹೇಳಬೇಕೆಂದರೆ, ವಾಂತಿಯ ದಿನಗಳಲ್ಲಿ ಹೊರಗಿನ ಎಣ್ಣೆ ವಾಸನೆಯೇ ಆಗುವುದಿಲ್ಲ. ಮನೆಯಲ್ಲಿ ಅಡುಗೆ ಮಾಡಲು ಸಾಮಾನು ಎಲ್ಲಿ ಅನ್ನುವುದೇ ಮುಖ್ಯ ಪ್ರಶ್ನೆ. ಹೆಸರುಕಾಳು, ಕಡಲೆಬೀಜ, ಎಳ್ಳು, ಶುಂಠಿ, ಕೊತ್ತಂಬರಿ, ಕುಂಬಳ, ಹೀರೆ, ಹಾಗಲ, ತರಾವರಿ ಸೊಪ್ಪು ಇವೆಲ್ಲ ಯಾವ ಮಾರ್ಕೆಟ್ಟಿನಲ್ಲೂ ಇವೆ. 'ಶ್ಯಾವ್ ಮಿ' ಅಂತ ಮಾರುವ ಹಳದಿ ಕಾಳು ನಮ್ಮ ನವಣೆಯೇ. ಅದರ ಗಂಜಿ ಹೊಟ್ಟೆಗೆ ತಂಪು, ಬೇಯುವುದೂ ಬೇಗ. ಉತ್ತರದ ಊರುಗಳಲ್ಲಿ ಸಬ್ಬಸಿಗೆಯಂತೆಯೇ ಕಾಣುವ ಸೋಂಪಿನ ಸೊಪ್ಪು ಸಿಗುತ್ತದೆ, ಅವರು ಅದನ್ನು ಕಡುಬಿನೊಳಗೆ ತುಂಬುತ್ತಾರೆ. ಕಪ್ಪಗಿನ 'ಹೊಂಗ್ ಥಾಂಗ್' ಬೆಲ್ಲದ ಜಾಗಕ್ಕೆ ಒಗ್ಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ, ಸಾಂಬಾರ್ ಪುಡಿ, ಹಿಂಗು ಟಾವ್‌ಬಾವ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಅಥವಾ ಯಿವು, ಕಚ್ಯಾವ್, ಗುವಾಂಗ್‌ಝೌ, ಶಾಂಘೈ ಭಾರತೀಯ ಅಂಗಡಿಗಳಲ್ಲಿ. ಹಸಿ ಕರಿಬೇವು ಮಾತ್ರ ಅದೃಷ್ಟ ಇದ್ದಾಗ. ಮೊಸರೆಂದು ಕೊಂಡದ್ದು ಸಿಹಿ ಇರುತ್ತದೆ, 'ವು ಥಾಂಗ್', ಅಂದರೆ ಸಕ್ಕರೆ ಇಲ್ಲ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಅದರಿಂದ ಹೆಪ್ಪು ಹಾಕಿ ಮನೆಯಲ್ಲೇ ಮೊಸರು ಮಾಡಬಹುದು.

ಬಿ12 ಪರೀಕ್ಷೆ ಇಲ್ಲಿ ತಾವಾಗಿ ಬರೆಯದೇ ಇರಬಹುದು. ಹಾಲು ಮೊಸರೂ ಕಡಿಮೆ ತಿನ್ನುವವರು ನೀವೇ ಕೇಳಿ ಮಾಡಿಸಿ.

ದಾರಿಯಲ್ಲಿ ಹೋಗುವ ಅಜ್ಜಿಯರೆಲ್ಲ ಬೈಯುತ್ತಾರೆ. ಏನು ಮಾಡಲಿ?

ತಣ್ಣೀರು ಕುಡಿದರೆ ಬೈಗುಳ. ಕಾಲಿಗೆ ಸಾಕ್ಸ್ ಇಲ್ಲದಿದ್ದರೆ ಬೈಗುಳ. ಐಸ್‌ಕ್ರೀಂ ಹಿಡಿದು ಹೊರಗೆ ನಿಂತರಂತೂ ಮುಗಿಯಿತು. ಏಡಿ ತಿನ್ನಬೇಡ, 'ಶಾನ್ ಝಾ' ಅನ್ನುವ ಹುಳಿಹಣ್ಣು ತಿನ್ನಬೇಡ, ಲೋಂಗನ್ ಹಣ್ಣು ಉಷ್ಣ, ಕಲ್ಲಂಗಡಿ ಶೀತ. ಪರಂಗಿ, ಅನಾನಸ್, ಎಳ್ಳು ಬೇಡ ಅನ್ನುವ ನಮ್ಮಜ್ಜಿಯರಿಗೂ ಇವರಿಗೂ ಇರುವ ವ್ಯತ್ಯಾಸ ಪಟ್ಟಿಯಲ್ಲಿ ಮಾತ್ರ. ಉಷ್ಣ ಶೀತದ ಲೆಕ್ಕ ಗೊತ್ತಿರುವ ನಮಗೆ ಇವರ ಮಾತು ಅಮೆರಿಕದವರಿಗಿಂತ ಬೇಗ ಅರ್ಥವಾಗುತ್ತದೆ. 'ಹಾವ್ ಹಾವ್' (ಆಯ್ತು ಆಯ್ತು) ಅಂತ ತಲೆಯಾಡಿಸಿ ಮುಂದೆ ಹೋಗಿ. ಬೈಯುವ ಅಜ್ಜಿಯೇ ಮೆಟ್ರೋದಲ್ಲಿ ಇನ್ನೊಬ್ಬರನ್ನು ಎಬ್ಬಿಸಿ ನಿಮ್ಮನ್ನು ಕೂರಿಸುವುದು.

ಆಫೀಸಿನಲ್ಲಿ ಸಹೋದ್ಯೋಗಿಗಳು ಬೆಳ್ಳಿ ಬಣ್ಣದ ದಾರ ನೇಯ್ದ ಏಪ್ರನ್ ಹಾಕಿಕೊಂಡಿರುವುದನ್ನು ನೋಡಬಹುದು. ಕಂಪ್ಯೂಟರಿನ ರೇಡಿಯೇಷನ್ ತಡೆಯಲಿಕ್ಕಂತೆ. ಕಂಪ್ಯೂಟರಿನಿಂದ ಮಗುವಿಗೆ ತೊಂದರೆ ಮಾಡುವಂಥ ರೇಡಿಯೇಷನ್ ಬರುವುದಿಲ್ಲ, ಏಪ್ರನ್‌ಗೆ ದುಡ್ಡು ಹಾಕಬೇಡಿ. ಯಾರಾದರೂ ಉಡುಗೊರೆ ಕೊಟ್ಟರೆ ಅವರೆದುರು ಒಮ್ಮೆ ಹಾಕಿಕೊಳ್ಳಿ.

ಹೊಟ್ಟೆಯಲ್ಲಿರುವ ಮಗುವಿಗೆ ಸಂಗೀತ ಕೇಳಿಸುವುದು, ಪದ್ಯ ಓದುವುದು ಇಲ್ಲಿ ದೊಡ್ಡ ವ್ಯಾಪಾರ. ಅಭಿಮನ್ಯುವಿನ ಕತೆ ಹೇಳಿ, ಕೇಳುವವರು ಖುಷಿಯಿಂದ ಕೇಳುತ್ತಾರೆ.

ಓಡಾಟ ಸುರಕ್ಷಿತವಾ? ಮೆಟ್ರೋ, ಟ್ಯಾಕ್ಸಿ?

ಮೆಟ್ರೋ ಒಳ್ಳೆಯದು, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಬಿಟ್ಟು. ಬೇರೆ ಬಣ್ಣದ ಸೀಟುಗಳು ಬಸುರಿಯರಿಗೂ ಸೇರಿದ್ದು. ಯಾರೂ ಏಳದಿದ್ದರೆ ಫೋನಿನಲ್ಲಿ ಮುಳುಗಿರುತ್ತಾರೆ ಅಷ್ಟೇ, 'ವೊ ಹ್ವಾಯ್ ಯೂನ್ ಲ' (ನಾನು ಬಸುರಿ) ಅಂತ ಹೇಳಿದರೆ ತಟ್ಟನೆ ಎದ್ದು ಬಿಡುತ್ತಾರೆ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಸೀಟ್ ಕವರಿನ ಕೆಳಗೆ ಹೂತಿರುತ್ತದೆ. ಹೊರಡುವ ಮುಂಚೆ ಹುಡುಕಿ ತೆಗೆಸಿ.

ನಿಜವಾದ ಅಪಾಯ ಫುಟ್‌ಪಾತಿನದ್ದು. ಊಟ ತಲುಪಿಸುವವರ ಎಲೆಕ್ಟ್ರಿಕ್ ಬೈಕುಗಳು ಸದ್ದೇ ಇಲ್ಲದೆ ಹಿಂದಿನಿಂದ ಬರುತ್ತವೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯಬೇಡಿ.

ಶೌಚಾಲಯಗಳಲ್ಲಿ ಹೆಚ್ಚಿನವು ಕುಕ್ಕರುಗಾಲಿನವು. ನಮಗೇನೂ ಹೊಸತಲ್ಲ, ಆದರೆ ಎಂಟನೇ ತಿಂಗಳಲ್ಲಿ ಏಳುವುದು ಕಷ್ಟ. ಮಾಲ್‌ಗಳ ತಾಯಿ-ಮಗು ಕೋಣೆಗಳ ಪಕ್ಕ ಕೂರುವಂಥದ್ದು ಸಿಗುತ್ತದೆ. ಟಿಶ್ಯೂ ಸದಾ ಚೀಲದಲ್ಲಿರಲಿ.

ಚಳಿ ಮತ್ತು ಹೊಗೆ?

ಬೀಜಿಂಗ್‌ನ ಗಾಳಿ 2013ರ ಹೊತ್ತಿಗೆ ಇದ್ದಂತೆ ಈಗಿಲ್ಲ, ತುಂಬ ಸುಧಾರಿಸಿದೆ. ಆದರೂ ಚಳಿಗಾಲದಲ್ಲಿ ಕೆಟ್ಟ ದಿನಗಳು ಬರುತ್ತವೆ, ಆವತ್ತು ಕಿಟಕಿ ಮುಚ್ಚಿ ಪ್ಯೂರಿಫೈಯರ್ ಹಾಕಿ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಊರಿಗೇ ಸರ್ಕಾರದ ಬಿಸಿ ಬರುತ್ತದೆ. ಶಾಂಘೈಗೆ ಅದಿಲ್ಲ. ಜನವರಿಯಲ್ಲಿ ಇಲ್ಲಿ ಮನೆಯ ಒಳಗೂ ಹೊರಗೂ ಒಂದೇ ಚಳಿ. ಮಗು ಚಳಿಗಾಲದಲ್ಲಿ ಹುಟ್ಟುವುದಿದ್ದರೆ ಒಂದು ಕೋಣೆಯನ್ನಾದರೂ ಬೆಚ್ಚಗೆ ಮಾಡುವ ವ್ಯವಸ್ಥೆ ಮೊದಲೇ ನೋಡಿ.

ಕೆಲಸ ಮಾಡುತ್ತಿದ್ದೇನೆ. ರಜೆ ಎಷ್ಟು ಸಿಗುತ್ತದೆ?

ದೇಶದಾದ್ಯಂತ 98 ದಿನ, ಅದರಲ್ಲಿ 15 ದಿನ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹೆರಿಗೆ ಕಷ್ಟವಾದರೆ 15 ದಿನ ಹೆಚ್ಚು, ಅವಳಿಯಾದರೆ ಮತ್ತೆ 15. ಇದರ ಮೇಲೆ ಶಾಂಘೈ, ಬೀಜಿಂಗ್ 60 ದಿನ, ಗುವಾಂಗ್‌ಡಾಂಗ್ 80 ದಿನ ಸೇರಿಸಿವೆ. ಈ ಹೆಚ್ಚುವರಿ ದಿನಗಳನ್ನು ನಿಮ್ಮ ಕಂಪನಿ ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದನ್ನು ಎಚ್‌ಆರ್‌ನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ.

ಚೆಕಪ್‌ಗೆ ಹೋದ ಸಮಯ ಕೆಲಸದ ಸಮಯವೇ. ಏಳು ತಿಂಗಳಾದ ಮೇಲೆ ಓವರ್‌ಟೈಮ್, ರಾತ್ರಿ ಪಾಳಿ ಹಾಕುವಂತಿಲ್ಲ. ಮಗುವಿಗೆ ಒಂದು ವರ್ಷ ಆಗುವವರೆಗೆ ದಿನಕ್ಕೆ ಒಂದು ಗಂಟೆ ಹಾಲೂಡಿಸುವ ಬಿಡುವು ಇದೆ. 2011ರಿಂದ ವರ್ಕ್ ಪರ್ಮಿಟ್ ಇರುವ ವಿದೇಶಿಯರೂ ಸಾಮಾಜಿಕ ವಿಮೆಗೆ ಸೇರಬೇಕೆಂದು ನಿಯಮ ಇದೆ, ಹೆರಿಗೆ ವಿಮೆ ಅದರಲ್ಲೇ ಬರುತ್ತದೆ. ಕಂಪನಿ ನಿಜಕ್ಕೂ ಕಟ್ಟುತ್ತಿದೆಯೇ ಅಂತ ನೋಡಿಕೊಳ್ಳಿ. ಗಂಡನ ವೀಸಾದ ಮೇಲೆ ಬಂದವರು ಇದರಲ್ಲಿ ತಮಗೇನಾದರೂ ಸಿಗುತ್ತದೆಯೇ ಅಂತ ಗಂಡನ ಕಂಪನಿಯಲ್ಲಿ ಕೇಳಿ.

ಹೆರಿಗೆಗೆ ಊರಿಗೆ ಹೋಗುವುದಾದರೆ?

2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಮತ್ತೆ ಶುರುವಾಗಿವೆ. ಆದರೆ ಬೆಂಗಳೂರಿಗೆ ಹೋಗುವವರು ದೆಹಲಿ, ಕೋಲ್ಕತ್ತ, ಸಿಂಗಪುರ, ಹಾಂಗ್‌ಕಾಂಗ್ ಹೀಗೆ ಎಲ್ಲಾದರೂ ವಿಮಾನ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ. ಚೀನಾದ ಏರ್‌ಲೈನ್‌ಗಳು ಸಾಮಾನ್ಯವಾಗಿ 32 ವಾರದವರೆಗೆ ಸುಮ್ಮನೆ ಹತ್ತಿಸಿಕೊಳ್ಳುತ್ತವೆ, ಆಮೇಲೆ ಹೊರಡುವ 72 ಗಂಟೆಯೊಳಗೆ ತೆಗೆಸಿದ ಡಾಕ್ಟರ ಪತ್ರ ಕೇಳುತ್ತವೆ, 36 ಆದಮೇಲೆ ಹತ್ತಿಸುವುದಿಲ್ಲ. ಏಳನೇ ತಿಂಗಳ ಸೀಮಂತ ಊರಲ್ಲೇ ಆಗಲಿ ಅನ್ನುವವರಿಗೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಎಲ್ಲ ಸ್ಕ್ಯಾನ್, ರಕ್ತದ ರಿಪೋರ್ಟುಗಳನ್ನು ಹೊರಡುವ ಮುಂಚೆಯೇ ಇಂಗ್ಲಿಷಿಗೆ ಮಾಡಿಸಿಕೊಳ್ಳಿ.

ಇಲ್ಲೇ ಹೆರಿಗೆ ಆದರೆ ಗಂಡ ಒಳಗೆ ಬರಬಹುದಾ? ನೋವಿನ ಇಂಜೆಕ್ಷನ್ ಕೊಡುತ್ತಾರಾ?

ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಗಂಡ ಹೊರಗೇ. ಒಬ್ಬರೇ ಇರುವ ಹೆರಿಗೆ ಕೋಣೆ ಕಾದಿರಿಸಿದರೆ ಅಥವಾ ತ ಶ್ಯೂ ವಿಭಾಗವಾದರೆ ಬಿಡುತ್ತಾರೆ. ನೋವು ಕಡಿಮೆ ಮಾಡುವ ಎಪಿಡ್ಯೂರಲ್‌ಗೆ 'ವು ಥೊಂಗ್' ಅನ್ನುತ್ತಾರೆ. 2018ರಿಂದ ಸರ್ಕಾರವೇ ಇದನ್ನು ಹರಡುತ್ತಿದೆ, ದೊಡ್ಡ ಊರುಗಳಲ್ಲಿ ಸಿಗುತ್ತದೆ. ರಾತ್ರಿ ಹೊತ್ತೂ ಅರಿವಳಿಕೆ ಡಾಕ್ಟರು ಇರುತ್ತಾರೆಯೇ ಅನ್ನುವುದು ಕೇಳಬೇಕಾದ ಪ್ರಶ್ನೆ. ಸೇರುವಾಗ ಮುಂಗಡ ಹಣ ಕಟ್ಟಬೇಕು. ಕಾಗದಗಳಿಗೆ ಸಹಿ ಹಾಕಿಸುತ್ತಾರೆ, ಮಾಸು ಆಸ್ಪತ್ರೆಗೇ ಬಿಡುತ್ತೀರಾ ಒಯ್ಯುತ್ತೀರಾ ಅನ್ನುವುದಕ್ಕೂ ಒಂದು ಸಹಿ. ಇಲ್ಲಿ ಕೆಲವರು ಅದನ್ನು ಔಷಧಿಯೆಂದು ತಿನ್ನುವುದುಂಟು.

ತುರ್ತಿಗೆ 120. ಆಂಬುಲೆನ್ಸಿಗೆ ದುಡ್ಡು ಕೊಡಬೇಕು. ಮನೆಯ ವಿಳಾಸವನ್ನು ಚೀನೀ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿಡಿ. ಊರೊಳಗೇ ಹತ್ತಿರವಾದರೆ ದೀದಿ ಆ್ಯಪ್‌ನಲ್ಲಿ ಕರೆಸಿದ ಕಾರು ಬೇಗ ಬರುತ್ತದೆ.

ಬಾಣಂತನಕ್ಕೆ ಅಮ್ಮ ಬರಬೇಕು. ಬರದಿದ್ದರೆ ಯಾರು?

ಅಮ್ಮನಿಗೋ ಅತ್ತೆಗೋ ಎಸ್2 ವೀಸಾ, 180 ದಿನದವರೆಗೆ. ಅದಕ್ಕಿಂತ ಹೆಚ್ಚು ಇರಬೇಕಾದರೆ ಎಸ್1, ಬಂದ 30 ದಿನದೊಳಗೆ ವಾಸದ ಪರವಾನಗಿ ಮಾಡಿಸಬೇಕು. ಸಂಬಂಧ ತೋರಿಸುವ ಕಾಗದ ಕೇಳುತ್ತಾರೆ, ಹೆಸರಿನ ಸ್ಪೆಲಿಂಗ್ ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ವಿಮಾನ ಇಳಿದು ಮನೆಗೆ ಬಂದ 24 ಗಂಟೆಯೊಳಗೆ ಠಾಣೆಯಲ್ಲಿ ನೋಂದಣಿ. ಅಮ್ಮ ಸುಸ್ತಾಗಿದ್ದಾರೆ, ನಾಳಿದ್ದು ಹೋಗೋಣ ಅನ್ನುವಂತಿಲ್ಲ.

ಯಾರೂ ಬರಲಾಗದಿದ್ದರೆ 'ಯ್ವೆ ಸಾವ್' ಇದ್ದಾರೆ. ಬಾಣಂತನ ಮಾಡುವುದೇ ಇವರ ಕಸುಬು. ಮನೆಯಲ್ಲೇ ಉಳಿದು 26 ದಿನ ಅಥವಾ 42 ದಿನ ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಸಂಬಳ ಜಾಸ್ತಿ, ದೊಡ್ಡ ಊರುಗಳಲ್ಲಿ ತಿಂಗಳಿಗೆ ಹತ್ತು ಸಾವಿರ ಯುವಾನ್ ದಾಟುವುದು ಮಾಮೂಲಿ. ಒಳ್ಳೆಯವರು ತಿಂಗಳುಗಟ್ಟಲೆ ಮುಂಚೆಯೇ ಬುಕ್ ಆಗಿರುತ್ತಾರೆ. ಚೀನೀ ಹೊಸವರ್ಷದ ಹೊತ್ತಿಗೆ ಹೆರಿಗೆ ತಾರೀಖು ಬಿದ್ದರೆ ಇನ್ನೂ ಕಷ್ಟ, ಎಲ್ಲರೂ ಊರಿಗೆ ಹೋಗಿರುತ್ತಾರೆ.

ಅವರ 'ಯ್ವೆ ಝ', ಅಂದರೆ ಅವರ ಬಾಣಂತನದ ತಿಂಗಳು, ನಮ್ಮ ಬಾಣಂತನದ ಅಕ್ಕನಂತೆಯೇ. ಗಾಳಿ ಸೋಕಬಾರದು, ತಣ್ಣೀರು ಮುಟ್ಟಬಾರದು, ತಲೆಗೆ ಟೋಪಿ, ಕಾಲಿಗೆ ಸಾಕ್ಸ್. ಬೆಲ್ಲದ ಬಿಸಿನೀರು, ನವಣೆ ಗಂಜಿ, ಶುಂಠಿ ಹಾಕಿದ ಸಾರು. ಎಲ್ಲಿ ಜಗಳ ಬರುತ್ತದೆ ಅಂದರೆ ಸ್ನಾನದಲ್ಲಿ. ನಮ್ಮಲ್ಲಿ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಸುರಿಯುತ್ತಾರೆ. ಅವರಲ್ಲಿ ಹಳೆಯ ಕಾಲದವರು ತಿಂಗಳು ಪೂರ್ತಿ ತಲೆಗೆ ನೀರೇ ಹಾಕಬಾರದು ಅನ್ನುತ್ತಾರೆ. ಈಗಿನ ತರಬೇತಿ ಪಡೆದವರು ಅಷ್ಟು ಹಟ ಮಾಡುವುದಿಲ್ಲ. ಊಟದ ಮಾತೂ ಮೊದಲೇ ಆಡಿ. ಹಂದಿಕಾಲಿನ ಸೂಪು ಕುಡಿಯದಿದ್ದರೆ ಹಾಲೇ ಬರುವುದಿಲ್ಲ ಅಂತ ಅವರು ನಂಬಿರುತ್ತಾರೆ. ಕಡಲೆಬೀಜ, ತೋಫು, ಅಣಬೆಯ ಸಾರು ಮಾಡಿಕೊಡಿ ಅಂತ ಬರೆದುಕೊಟ್ಟರೆ ಮಾಡುತ್ತಾರೆ. ಮೆಂತ್ಯ, ಅಂಟು, ಕೊಬ್ಬರಿ ಊರಿಂದ ತರಿಸಿ ಅಂಟಿನುಂಡೆ ಕಟ್ಟಿಟ್ಟರೆ ಅವರೂ ರುಚಿ ನೋಡುತ್ತಾರೆ. ಮನೆಯಲ್ಲಿ ಅಮ್ಮನೂ ಯ್ವೆ ಸಾವೂ ಇಬ್ಬರೂ ಬೇಡ. ಒಂದು ಬಾಣಂತಿಗೆ ಇಬ್ಬರು ಯಜಮಾನಿಯರಾದರೆ ಮಧ್ಯೆ ಸಿಕ್ಕಿಹಾಕಿಕೊಳ್ಳುವುದು ನೀವೇ.

ಇನ್ನು, ಅಳು ನಿಲ್ಲದಿದ್ದರೆ, ಎರಡು ವಾರ ಕಳೆದರೂ ಮನಸ್ಸು ಹಗುರಾಗದಿದ್ದರೆ, ಅದನ್ನು ಬಾಣಂತಿ ಸುಸ್ತು ಅಂತ ಬಿಡಬೇಡಿ. 42ನೇ ದಿನದ ಚೆಕಪ್‌ವರೆಗೂ ಕಾಯಬೇಡಿ. ಡಾಕ್ಟರಿಗೆ ಹೇಳಿ, ಊರಿನವರಿಗೂ ಹೇಳಿ.

ಮಗುವಿಗೆ ಚೀನಾ ಪೌರತ್ವ ಬರುತ್ತದಾ? ಏನೇನು ಕಾಗದ ಬೇಕು?

ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೆ ಬರುವುದಿಲ್ಲ. ಒಬ್ಬರು ಚೀನಾದವರಾದರೆ ಮಗು ಹುಟ್ಟುತ್ತಲೇ ಚೀನಾ ಪ್ರಜೆ, ಅದರ ದಾರಿ ಬೇರೆ.

ಮೊದಲ ಕಾಗದ ಆಸ್ಪತ್ರೆ ಕೊಡುವ ಜನನ ಪತ್ರ. ಇದರಲ್ಲಿ ಹೆಸರು ಬರೆಸಬೇಕು, ಆಮೇಲೆ ಬದಲಿಸುವುದು ದೊಡ್ಡ ತಲೆನೋವು. ನಾಮಕರಣ ಆಗುವ ತನಕ ಹೆಸರು ಹೇಳಬಾರದು ಅನ್ನುವ ಮನೆಯವರು ಹೆರಿಗೆಗೆ ಮುಂಚೆಯೇ ಗಂಡು ಹೆಣ್ಣು ಎರಡಕ್ಕೂ ಹೆಸರು ತೀರ್ಮಾನಿಸಿಡಿ. ಸರ್‌ನೇಮ್ ಖಾಲಿ ಇರುವ, ಇನಿಷಿಯಲ್ ಮಾತ್ರ ಇರುವ ನಮ್ಮ ಕಡೆಯ ಪಾಸ್‌ಪೋರ್ಟುಗಳು ಇಲ್ಲಿನ ಕಂಪ್ಯೂಟರಿಗೆ ಒಗ್ಗುವುದಿಲ್ಲ. ಮೊದಲ ಚೆಕಪ್‌ನಲ್ಲಿ ಆಸ್ಪತ್ರೆಯವರು ನಿಮ್ಮ ಹೆಸರನ್ನು ಹೇಗೆ ಟೈಪ್ ಮಾಡಿದರೋ ಅದೇ ಕೊನೆಯವರೆಗೂ ಬರುತ್ತದೆ. ಆವತ್ತೇ ಪರದೆ ನೋಡಿ ಸರಿಮಾಡಿಸಿ.

ಆಮೇಲೆ ಭಾರತದ ದೂತಾವಾಸ. ಶಾಂಘೈ, ಜಿಯಾಂಗ್ಸು, ಝೆಜಿಯಾಂಗ್ ಶಾಂಘೈ ಕಾನ್ಸುಲೇಟಿಗೆ ಸೇರಿವೆ. ಬೀಜಿಂಗ್‌ನಲ್ಲಿ ರಾಯಭಾರ ಕಚೇರಿ, ಗುವಾಂಗ್‌ಝೌನಲ್ಲೂ ಕಾನ್ಸುಲೇಟ್ ಇದೆ. ಅಲ್ಲಿ ಮಗುವಿನ ಜನನ ನೋಂದಣಿ ಮತ್ತು ಪಾಸ್‌ಪೋರ್ಟ್. 1955ರ ಪೌರತ್ವ ಕಾಯ್ದೆಯ ಪ್ರಕಾರ ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ನೋಂದಾಯಿಸಬೇಕು. ಆದರೆ ನಿಮಗೆ ಒಂದು ವರ್ಷ ಇಲ್ಲ. ಚೀನಾ ಕಾನೂನಿನಂತೆ ಹುಟ್ಟಿದ 60 ದಿನದೊಳಗೆ ಎಕ್ಸಿಟ್-ಎಂಟ್ರಿ ಕಚೇರಿಯಲ್ಲಿ ಮಗುವಿನ ವಾಸ ದಾಖಲಾಗಬೇಕು, ತಪ್ಪಿದರೆ 2,000 ಯುವಾನ್‌ವರೆಗೆ ದಂಡ. ಅದಕ್ಕೆ ಮೊದಲು ಪಾಸ್‌ಪೋರ್ಟ್ ಕೈಗೆ ಬರಬೇಕು. ಜನನ ಪತ್ರದ ಅನುವಾದ, ಮದುವೆ ಸರ್ಟಿಫಿಕೇಟು, ಕಣ್ಣು ತೆರೆದ ಮಗುವಿನ ಫೋಟೋ, ಇವನ್ನೆಲ್ಲ ಗಂಡನ ಪಾಲಿಗೆ ಬಿಡಿ. ಮದುವೆ ರಿಜಿಸ್ಟರ್ ಮಾಡಿಸದವರು ಬಸುರಿಯಾದ ಹೊಸತರಲ್ಲೇ ಊರಲ್ಲಿ ಮಾಡಿಸಿ.

ಲಸಿಕೆಗಳು ಊರಿನಂತೆಯೇ ಇವೆಯಾ?

ಬಹುತೇಕ. ಬಿಸಿಜಿ ಮತ್ತು ಹೆಪಟೈಟಿಸ್ ಬಿ ಮೊದಲ ಡೋಸ್ ಹುಟ್ಟಿದಾಗಲೇ ಹಾಕುತ್ತಾರೆ. ಪೋಲಿಯೊ ಹನಿ ಮಾತ್ರ ಊರಿನಂತೆ ಹುಟ್ಟಿದ ಕೂಡಲೇ ಇಲ್ಲ, ಇಲ್ಲಿ ಎರಡು ತಿಂಗಳಿಗೆ ಇಂಜೆಕ್ಷನ್‌ನಿಂದ ಶುರು. ಮುಂದಿನವು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ, ಪಟ್ಟಿಯಲ್ಲಿರುವವಕ್ಕೆ ದುಡ್ಡಿಲ್ಲ. ರೋಟಾ, ನ್ಯೂಮೊಕಾಕಲ್ ಇಲ್ಲಿ ದುಡ್ಡು ಕೊಟ್ಟು ಹಾಕಿಸುವಂಥವು, ಊರಲ್ಲಿ ಸರ್ಕಾರಿ ಪಟ್ಟಿಯಲ್ಲೇ ಇವೆ. ಲಸಿಕೆ ಪುಸ್ತಕವನ್ನು ಮಗುವಿನ ಪಾಸ್‌ಪೋರ್ಟಿನ ಜೊತೆಗೇ ಇಡಿ. ಶಿಶುವಿಹಾರಕ್ಕೆ ಸೇರಿಸುವಾಗ ಮೊದಲು ಕೇಳುವುದು ಅದನ್ನೇ.